ವಾಡಿ ದಾರಿಯ ಪ್ರೈವೇಟ್ ನಂಬರ್

ಸೊಲ್ಲಾಪುರದಿಂದ ಶಹಾಬಾದ್, ವಾಡಿ ಹಾದು ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯ ಹಳಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ರೈಲನ್ನು ಕೂಡಿತು. 1874ರಲ್ಲಿ ನಿಜಾಮನ ರೈಲು ವಾಡಿಯಿಂದ ಕವಲೊಡೆದು ಚಿತ್ತಾಪುರ, ಮಳಖೇಡ, ಸೇಡಂ ದಾಟಿ ಸಿಕಂದರಾಬಾದ್ ಮುಟ್ಟಿತು.

ಇಂಥ ದಾರಿಯಲ್ಲಿ ದೊಡ್ಡ ಭಯ ಒಂದೇ: ಒಂದೇ ಹಳಿಯ ಮೇಲೆ ಎರಡು ಗಾಡಿ. ಗಾಡಿ ಬಿಡಬಹುದೆಂದು ಫೋನಿನಲ್ಲಿ ಬಂದ ದನಿ ಯಾರದು? ಹೇಳಿದ್ದನ್ನು ಆತ ನಾಳೆ ಇಲ್ಲವೆಂದರೆ?

ಇದಕ್ಕೆ ಭಾರತೀಯ ರೈಲ್ವೆ ಕಂಡುಕೊಂಡ ಉತ್ತರ ಪ್ರೈವೇಟ್ ನಂಬರ್. ಸ್ಟೇಷನ್ ಮಾಸ್ಟರ್ ಬಳಿ ಮುದ್ರಿತ ಹಾಳೆ ಇರುತ್ತದೆ. ಅದರ ತುಂಬ ಕ್ರಮವಿಲ್ಲದ ಎರಡಂಕಿಯ ಸಂಖ್ಯೆಗಳು. ರಸ್ತೆ ಹಳಿ ದಾಟುವಲ್ಲಿನ ಗೇಟಿನವನಿಗೂ ಅವನದೇ ಹಾಳೆ. ಗಾಡಿ ಬರುತ್ತಿದೆ ಎಂದು ಮಾಸ್ಟರ್ ತಿಳಿಸಿದರೆ ಗೇಟಿನವನು ಗೇಟು ಮುಚ್ಚಿ, ಬೀಗ ಹಾಕಿ, ತನ್ನ ಹಾಳೆಯ ಮುಂದಿನ ನಂಬರ್ ಹೇಳುತ್ತಾನೆ. ಮಾಸ್ಟರ್ ಅದನ್ನು ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಾನೆ. ಹೇಳಿದ ನಂಬರಿಗೆ ಅಲ್ಲೇ ಗೀಟು. ಅದು ಮತ್ತೆ ಬಳಕೆಗಿಲ್ಲ. ಹಾಳೆಯನ್ನು ಇನ್ನೊಬ್ಬರಿಗೆ ತೋರಿಸುವಂತಿಲ್ಲ. ಅಪಘಾತವಾದರೆ ವಿಚಾರಣೆಗೆ ಮೊದಲು ವಶವಾಗುವ ಕಾಗದಗಳಲ್ಲಿ ಇದೂ ಸೇರಿದೆ.

ಬ್ಯಾಂಕುಗಳು ಇವತ್ತು ಫೋನಿಗೆ ಕಳಿಸುವ ಒಟಿಪಿಯ ಜೀವಾಳ ಇದೇ ಅಲ್ಲವೇ? ಕ್ಯಾಲಿಫೋರ್ನಿಯಾದ ಬ್ಯಾಂಕರ್ ಫ್ರ್ಯಾಂಕ್ ಮಿಲ್ಲರ್ 1882ರಲ್ಲೇ ತಂತಿ ಸಂದೇಶಗಳಿಗೆ ಒಮ್ಮೆ ಬಳಸಿ ಹೊಡೆದುಹಾಕುವ ಸಂಖ್ಯೆಗಳನ್ನು ಸೂಚಿಸಿದ್ದ.

ಕಂಪ್ಯೂಟರ್ ಬೇರೆ ದಾರಿ ಹಿಡಿಯಿತು. ಅಮೆರಿಕದ ಎಂಐಟಿಯಲ್ಲಿ 1960ರ ದಶಕದ ಆರಂಭದಲ್ಲಿ, ಒಂದೇ ಯಂತ್ರ ಹಂಚಿಕೊಂಡವರ ಕಡತಗಳನ್ನು ಬೇರೆಬೇರೆಯಾಗಿ ಕಾಯಲು ಪಾಸ್‌ವರ್ಡ್ ಬಂತು. ಯಂತ್ರದ ಮೇಲೆ ಹೆಚ್ಚು ಹೊತ್ತು ಬೇಕಿದ್ದ ಅಲನ್ ಶೆರ್ ಎಂಬ ಸಂಶೋಧಕ 1962ರಲ್ಲಿ ಎಲ್ಲರ ಪಾಸ್‌ವರ್ಡ್ ಇದ್ದ ಕಡತವನ್ನೇ ಪ್ರಿಂಟ್ ಹಾಕಿಸಿಕೊಂಡ. ಅಂದಿನಿಂದ ಇಂದಿನವರೆಗೆ ಪಾಸ್‌ವರ್ಡಿನ ದೋಷ ಎರಡು: ಗುಟ್ಟಿನ ಪದವನ್ನು ಮನುಷ್ಯನೇ ಆರಿಸುತ್ತಾನೆ, ಆರಿಸಿದ್ದನ್ನೇ ಎಲ್ಲ ಕಡೆ ಬಳಸುತ್ತಾನೆ. 2009ರಲ್ಲಿ ರಾಕ್‌ಯೂ ಎಂಬ ಕಂಪನಿಯಿಂದ ಸೋರಿದ ಸುಮಾರು 3.2 ಕೋಟಿ ಪಾಸ್‌ವರ್ಡುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ಇಟ್ಟುಕೊಂಡಿದ್ದದ್ದು 123456. ಊರ ಹೆಸರು, ಮಗುವಿನ ಹುಟ್ಟಿದ ದಿನ ಇದಕ್ಕಿಂತ ಗಟ್ಟಿಯೇನಲ್ಲ; ಪರಿಚಯದವರಿಗೆ ಅವು ಮೊದಲೇ ಗೊತ್ತು.

ಎರಡಂಕಿಯ ನಂಬರ್ ಹೆಚ್ಚೆಂದರೆ ನೂರು ಬಗೆ. ಅಷ್ಟೇ ಸಾಕಾಗುವುದು, ಫೋನಿನಲ್ಲಿ ಊಹಿಸುವವನಿಗೆ ಸಿಗುವುದು ಒಂದೇ ಅವಕಾಶವಾದ್ದರಿಂದ. ಪಾಸ್‌ವರ್ಡುಗಳನ್ನು ಮರೆಮಾಚಿಟ್ಟ ಕಡತವನ್ನು ಕದ್ದೊಯ್ದು ಅದರ ಮುಂದೆ ಕೂರಿಸಿದ ಯಂತ್ರಕ್ಕೆ ಆ ಕಟ್ಟಿಲ್ಲ. ಅದು ಸೆಕೆಂಡಿಗೆ ಕೋಟಿಗಟ್ಟಲೆ ಪದ ತಿರುವಿ ನೋಡಬಲ್ಲದು. ಹಾಗಾಗಿ ಅಲ್ಲಿ ಉದ್ದ ಬೇಕು, ಆಯ್ಕೆ ಮನುಷ್ಯನ ಕೈ ತಪ್ಪಬೇಕು. ಆರ್ನಾಲ್ಡ್ ರೈನ್‌ಹೋಲ್ಡ್ ಎಂಬಾತ 1995ರಲ್ಲಿ ಕೊಟ್ಟ ಉಪಾಯ ಸರಳ: ಐದು ದಾಳ ಉರುಳಿಸಿ, ಬಂದ ಸಂಖ್ಯೆಗೆ 7,776 ಪದಗಳ ಪಟ್ಟಿಯಲ್ಲಿ ಎದುರಿರುವ ಪದ ತೆಗೆದುಕೊಳ್ಳುವುದು. ಹೀಗೆ ಆರು ಸಲ ಮಾಡಿದರೆ ಆರು ಪದಗಳ ಪಾಸ್‌ವರ್ಡ್. ಪಟ್ಟಿ ಕನ್ನಡದ ಪದಗಳದ್ದಾದರೂ ಲೆಕ್ಕ ಅದೇ. ದಾಳ ಕೊಟ್ಟ ಪದ ಹಿಡಿಸಲಿಲ್ಲವೆಂದು ಬದಲಿಸಬಾರದು, ಅಷ್ಟೇ.