ಶಾಲಾಬಾಲಕರ ಭಾಷಾದೋಷವನ್ನು ಅಳೆದ ಬಗೆ

ತರಗತಿಯಲ್ಲಿ ಪ್ರಶ್ನೆಗೆ ಉತ್ತರವೀಯಲಾರದೆ ನಿಲ್ಲುವ ಬಾಲಕನನ್ನು ಜನರು ಎರಡೇ ಮಾತಿನಲ್ಲಿ ತೀರಿಸಿಬಿಡುವುದುಂಟು: ಅವನು ಸೋಮಾರಿ, ಇಲ್ಲವೆ ಮಂದಮತಿ. ಕಿವಿಯು ಸರಿಯಾಗಿದ್ದು, ಬುದ್ಧಿಯಲ್ಲಿಯೂ ಕೊರತೆಯಿಲ್ಲದೆ, ಭಾಷೆಯೊಂದೇ ಕೈಗೂಡದ ಮಕ್ಕಳಿರುವರೆಂಬ ಸಂಗತಿಯು ಶಾಲೆಗಳ ಲಕ್ಷ್ಯಕ್ಕೆ ಬಂದುದು ತೀರ ತಡವಾಗಿ. ಅಮೆರಿಕದ ಬಾಲಶಾಲೆಗಳಲ್ಲಿ ನಡೆದು 1997ರಲ್ಲಿ ಪ್ರಕಟವಾದ ಗಣನೆಯೊಂದರಂತೆ ಇಂತಹವರು ನೂರಕ್ಕೆ ಏಳರಷ್ಟು. ಇವರನ್ನು ಗುರುತಿಸುವ ವಿದ್ಯೆಯು ಕನ್ನಡದಲ್ಲಿ ಹೇಗೆ ನೆಲೆಗೊಂಡಿತೆಂಬುದು ವಾಚಕರು ತಿಳಿಯತಕ್ಕ ವಿಷಯ.

ಪ್ರಾಚೀನರು ವಾಗ್ದೋಷವನ್ನು ಕಾಣದೆ ಇರಲಿಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನವು ಮೂಕ, ಮಿನ್ಮಿನ, ಗದ್ಗದರೆಂಬ ಮೂವರನ್ನು ಹೇಳಿ, ವಾತಕಫಗಳನ್ನು ಅದಕ್ಕೆ ಕಾರಣವೆನ್ನುತ್ತದೆ. ಪಾಣಿನೀಯ ಶಿಕ್ಷೆಯಾದರೋ ಅಧಮಪಾಠಕರನ್ನೆಣಿಸುವಾಗ ಅವಸರಗಾರನ ಜೊತೆಗೆ ಅರ್ಥವರಿಯದವನನ್ನೂ ಸೇರಿಸುತ್ತದೆ. ಉಚ್ಚಾರಣೆ ಬೇರೆ, ಅರ್ಥಗ್ರಹಣ ಬೇರೆ ಎಂಬ ವಿವೇಕವು ಅಲ್ಲಿದೆ. ಆದರೆ ಇವು ಮಗುವನ್ನು ಅಳೆಯಹೊರಟ ಗ್ರಂಥಗಳಲ್ಲ. ಇಂದಿನ ವಿದ್ಯೆಯೆಲ್ಲವೂ ನಮ್ಮ ಶಾಸ್ತ್ರಗಳಲ್ಲಿ ಮೊದಲೇ ಇತ್ತೆಂದು ಸಾಧಿಸುವ ಚಾಪಲ್ಯವು ನನಗಿಲ್ಲ.

ಅಳತೆಯ ಮಾರ್ಗವು ಬೇರೆ ಕಡೆಯಿಂದ ಬಂದಿತು. ಶಾಲೆಯಲ್ಲಿ ಹಿಂದುಳಿಯುವ ಮಕ್ಕಳನ್ನು ಆರಿಸುವುದಕ್ಕಾಗಿ ಫ್ರಾನ್ಸಿನ ಆಲ್ಫ್ರೆಡ್ ಬಿನೆಯು ಸೈಮನ್ನನೊಡಗೂಡಿ 1905ರಲ್ಲಿ ಬುದ್ಧಿಮಾಪನವನ್ನು ರಚಿಸಿದನು. 1930ರ ದಶಕದಲ್ಲಿ ಧಾರವಾಡದ ವಿ. ವಿ. ಕಾಮತರು ಅದನ್ನು ಕನ್ನಡ ಮರಾಠಿಗಳ ಮಕ್ಕಳಿಗೆ ಒಗ್ಗಿಸಿದರು. ಶ್ಲಾಘ್ಯವಾದ ಕಾರ್ಯವೇ ಸರಿ. ಆದರೆ ಅದರ ಪ್ರಶ್ನೆಗಳಲ್ಲಿ ಬಹುಭಾಗವು ಮಾತಿನಲ್ಲಿ ಕೇಳಿ ಮಾತಿನಲ್ಲಿಯೇ ಉತ್ತರವನ್ನು ಬೇಡುವಂಥವು. ಭಾಷೆಯಲ್ಲಿ ಮಾತ್ರ ಕುಂದಿರುವ ಮಗುವು ಅಲ್ಲಿ ಬುದ್ಧಿಯಲ್ಲಿಯೂ ಕುಂದಿದವನಾಗಿ ತೋರಬಹುದಷ್ಟೆ!

1965ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಸ್ಥಾಪಿತವಾದ ಮೇಲೆ ಈ ತೊಡಕು ಬಿಡಿಸಿಕೊಳ್ಳತೊಡಗಿತು. ಬಾಬು, ರತ್ನ, ಬೆಟ್ಟಗೇರಿಯವರ ಕನ್ನಡ ಉಚ್ಚಾರಣಾಪರೀಕ್ಷೆಯು 1972ರಲ್ಲಿ ಬಂದಿತು. ಅದು ಅಕ್ಷರಧ್ವನಿಗಳನ್ನಷ್ಟೇ ನೋಡುವಂಥದು. 1980ರಲ್ಲಿ ಪ್ರತಿಭಾ ಕಾರಂತರ ಭಾಷಾಪರೀಕ್ಷೆಯು ಧ್ವನಿ, ವಾಕ್ಯರಚನೆ, ಅರ್ಥ ಎಂಬ ಮೂರು ಭಾಗಗಳಿಗೆ ತಲಾ 100 ಅಂಕಗಳನ್ನಿಟ್ಟಿತು. ಒಂದರಿಂದ ಐದನೆಯ ತರಗತಿಯವರೆಗಿನ ಮಕ್ಕಳು ಸಾಮಾನ್ಯವಾಗಿ ಪಡೆಯುವ ಅಂಕಗಳನ್ನು 1990ರಲ್ಲಿ ಪ್ರಕಟಿಸಿದರು. ಹೀಗೆ ಮಗುವನ್ನು ಅದರ ಓರಗೆಯವರೊಡನೆ ಹೋಲಿಸುವುದು ಸಾಧ್ಯವಾಯಿತು. ವಾಕ್ಯವು ಸರಿಯೋ ತಪ್ಪೋ ಎಂದು ನಿರ್ಣಯಿಸುವ ಶಕ್ತಿಯು ಓದುಬರಹದಿಂದ ಬಲಗೊಳ್ಳುತ್ತದೆಂದೂ ಕಾರಂತರ ಮುಂದಿನ ಶೋಧನೆಗಳು ತೋರಿಸಿದವು. ಅಕ್ಷರವಿಲ್ಲದವನು ಆ ಭಾಗದಲ್ಲಿ ಎಡವಿದ ಮಾತ್ರಕ್ಕೆ ಭಾಷಾವಿಕಲನೆನ್ನಲಾಗದು.

ಈ ಎಚ್ಚರಿಕೆಯು ನಮ್ಮ ಆನಂದಪುರದಂತಹ ಊರುಗಳಿಗೆ ಎಲ್ಲಕ್ಕಿಂತ ಮುಖ್ಯವಾದುದು. ಸಾಗರ ಸೀಮೆಯ ಒಂದೇ ಹಲಗೆಯ ಮೇಲೆ ಹವ್ಯಕರ ಮನೆಯ ಹುಡುಗನೂ ದೀವರ ಮನೆಯವನೂ ಉರ್ದು ಮನೆಮಾತಿನವನೂ ಒತ್ತಿನಲ್ಲಿ ಕುಳಿತಿರುವರು. ಹವ್ಯಕರ ಮಾತಿನಲ್ಲಿ ಹೆಂಗಸರಿಗೂ ನಪುಂಸಕಲಿಂಗವೇ ಪ್ರಯೋಗ. ಆದುದರಿಂದ ಆ ಹುಡುಗನು "ಅಕ್ಕ ಬಂತು" ಎಂದರೆ ಅದು ಲಿಂಗಜ್ಞಾನದ ಲೋಪವಲ್ಲ, ತಾಯಿಯಿಂದ ಕಲಿತ ವ್ಯಾಕರಣ. ಉರ್ದುವಿನಲ್ಲಿ ಳಕಾರವಿಲ್ಲ, "ಹಲ್ಲಿ", "ಹಳ್ಳಿ"ಗಳನ್ನು ಆ ಮನೆಯ ಮಗುವು ಒಂದಾಗಿ ನುಡಿದರೆ ಅದನ್ನು ರೋಗವೆನ್ನುವುದೆಂತು? ಇದಕ್ಕೆ ವಿರುದ್ಧವಾದ ಪ್ರಮಾದವೂ ಅಷ್ಟೇ ಘೋರವಾದುದು. "ಮನೆಮಾತು ಬೇರೆ, ದೊಡ್ಡವನಾದಂತೆ ಸರಿಹೋಗುವುದು" ಎಂದು ಸುಮ್ಮನಿದ್ದು, ಮನೆಮಾತಿನಲ್ಲಿಯೂ ಎರಡು ವಾಕ್ಯಗಳನ್ನು ಜೋಡಿಸಲಾರದ ಮಗುವಿನ ವರುಷಗಳನ್ನು ವ್ಯರ್ಥಮಾಡುವುದು. ದೋಷವು ನಿಜವಾದುದಾದರೆ ಮನೆಮಾತಿನಲ್ಲಿಯೂ ಕಾಣಲೇಬೇಕು. ಆದುದರಿಂದ ಪರೀಕ್ಷಕನು ಮೊದಲು ತಾಯಿಯನ್ನು ವಿಚಾರಿಸತಕ್ಕದ್ದು. ಮನೆಯ ನುಡಿಯಲ್ಲಿ ಕಥೆಯೊಂದನ್ನು ಹೇಳಿಸತಕ್ಕದ್ದು. ಅಂಕಗಳ ಮಾತು ಅನಂತರದ್ದು.

ಶಾಸನವೂ ಮೆಲ್ಲಗೆ ನಡೆದಿದೆ. 1995ರ ಅಂಗವಿಕಲರ ಕಾಯಿದೆಯ ಏಳು ವರ್ಗಗಳಲ್ಲಿ ಭಾಷೆಯ ಹೆಸರಿರಲಿಲ್ಲ. 2016ರ ಕಾಯಿದೆಯು ಇಪ್ಪತ್ತೊಂದು ವರ್ಗಗಳೊಳಗೆ ಮಾತು ಮತ್ತು ಭಾಷೆಯ ವೈಕಲ್ಯವನ್ನು ಸೇರಿಸಿತಾದರೂ, ಅದರ ಲಕ್ಷಣವನ್ನು ದೇಹದ ಇಲ್ಲವೆ ನರಗಳ ಕಾರಣದಿಂದುಂಟಾದ ಶಾಶ್ವತ ವೈಕಲ್ಯಕ್ಕೆ ಕಟ್ಟಿತು. ಕಾರಣವೇ ತೋರದೆ ಭಾಷೆಯಲ್ಲಿ ತಡವರಿಸುವ ನಮ್ಮ ಬಾಲಕನು ಆ ಲಕ್ಷಣದೊಳಗೆ ಸುಲಭವಾಗಿ ಸೇರುವುದಿಲ್ಲ.

ಮೈಸೂರಿನ ಸಂಸ್ಥೆಯು ಸಾಗರದ ಉಪವಿಭಾಗೀಯ ಆಸ್ಪತ್ರೆಯಲ್ಲಿಯೂ ತನ್ನದೊಂದು ಸೇವಾಕೇಂದ್ರವನ್ನು ತೆರೆಯಿತು. ಇಂತಹ ಪರೀಕ್ಷೆಯಲ್ಲಿ ಮೊದಲು ನೋಡತಕ್ಕದ್ದು ಕಿವಿಯನ್ನು. ಎಷ್ಟೋ ವೇಳೆ "ಮಂದಮತಿ"ಯ ಕಥೆಯು ಅಲ್ಲಿಯೇ ಮುಗಿಯುತ್ತದೆ.