ತಂತ್ರಾಂಶ ಅಭಿವೃದ್ಧಿಕಾರರ ಉತ್ಪಾದಕತೆಯ ಮಾಪನ

ತಂತ್ರಾಂಶ ಅಭಿವೃದ್ಧಿಕಾರರ ಉತ್ಪಾದಕತೆಯ ಮಾಪನವೆಂದರೆ ತಂತ್ರಾಂಶ ಅಥವಾ ಸಾಫ್ಟ್‌ವೇರ್ ರಚಿಸುವವರ ಕೆಲಸವನ್ನು ಸಂಖ್ಯೆಗಳ ಮೂಲಕ ಅಳೆಯುವ ಕ್ರಮ. ವೇತನ ಹೆಚ್ಚಳ, ಬಡ್ತಿ, ಕೆಲವೊಮ್ಮೆ ನೌಕರಿಯ ಉಳಿವು ಸಹ ಈ ಅಳತೆಯನ್ನು ಅವಲಂಬಿಸಿರುತ್ತವೆ. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಿಂದ ಬೆಂಗಳೂರಿನ ಕಂಪನಿಗಳಿಗೆ ಸೇರಿದ ಪದವೀಧರರಿಗೆ ಇದು ಜೀವನೋಪಾಯದ ಪ್ರಶ್ನೆಯೇ ಆಗಿದೆ.

ತೂಕ ಮತ್ತು ಇಳುವರಿ

ಅಳತೆಯ ತೊಡಕು ಕಬ್ಬಿನ ಸೀಮೆಗೆ ಹೊಸದಲ್ಲ. 1933ರಲ್ಲಿ ಸ್ಥಾಪನೆಯಾದ ಮಂಡ್ಯದ ಮೈಸೂರು ಸಕ್ಕರೆ ಕಾರ್ಖಾನೆಯಲ್ಲಾಗಲಿ, ಬೇರೆಡೆಯಾಗಲಿ ತೂಕದ ಯಂತ್ರವು ಕಬ್ಬಿನ ಭಾರವನ್ನು ಮಾತ್ರ ತಿಳಿಸುತ್ತದೆ. ಸಕ್ಕರೆ ಎಷ್ಟೆಂಬುದು ಅರೆದ ಮೇಲೆ ತಿಳಿಯುವ ಮಾತು. ಆದುದರಿಂದಲೇ 2024-25ರ ಹಂಗಾಮಿಗೆ ಕೇಂದ್ರ ಸರ್ಕಾರವು ಟನ್ನಿಗೆ 3,400 ರೂಪಾಯಿ ದರವನ್ನು ಶೇ. 10.25ರ ಸಕ್ಕರೆ ಇಳುವರಿಗೆ ಹೊಂದಿಸಿ ನಿಗದಿಪಡಿಸಿತು. ಆ ಇಳುವರಿಯೂ ಇಡೀ ಕಾರ್ಖಾನೆಯ ಸರಾಸರಿಯೇ ಹೊರತು ಒಬ್ಬ ರೈತನ ಕಬ್ಬಿನದಲ್ಲ. ತಂತ್ರಾಂಶಕ್ಕಾದರೋ ಅರೆದು ನೋಡುವ ಗಾಣವೇ ಇಲ್ಲ.

ಅಳತೆಗೋಲುಗಳು

ಬರೆದ ಕೋಡ್‌ನ ಸಾಲುಗಳನ್ನು ಎಣಿಸುವುದು ಹಳೆಯ ವಿಧಾನ. ಇದರ ದೋಷಕ್ಕೆ ಪ್ರಸಿದ್ಧ ನಿದರ್ಶನವೊಂದಿದೆ. 1982ರಲ್ಲಿ ಆಪಲ್ ಸಂಸ್ಥೆಯ ವ್ಯವಸ್ಥಾಪಕರು ಪ್ರತಿವಾರ ಬರೆದ ಸಾಲುಗಳ ಸಂಖ್ಯೆಯನ್ನು ನಮೂದಿಸುವಂತೆ ಕೇಳತೊಡಗಿದರು. ಬಿಲ್ ಆಟ್ಕಿನ್ಸನ್ ಅದೇ ಸಮಯದಲ್ಲಿ ಪ್ರೋಗ್ರಾಂನ ಒಂದು ಭಾಗವನ್ನು ಪುನಃ ಬರೆದು, ಸುಮಾರು 2,000 ಸಾಲುಗಳನ್ನು ಕಡಿಮೆ ಮಾಡಿ, ಅದರ ವೇಗವನ್ನು ಹಲವು ಪಟ್ಟು ಹೆಚ್ಚಿಸಿದ್ದರು. ನಮೂನೆಯಲ್ಲಿ ಅವರು ಬರೆದುದು ‘-2000’. ಕೆಲಕಾಲದ ನಂತರ ಅವರಿಂದ ಆ ನಮೂನೆಯನ್ನು ಕೇಳುವುದನ್ನೇ ನಿಲ್ಲಿಸಲಾಯಿತು.

ಸಾಲುಗಳಿಗೆ ಬದಲಾಗಿ, ಬಳಕೆದಾರನಿಗೆ ದೊರೆಯುವ ಕಾರ್ಯಗಳನ್ನು ಎಣಿಸುವ ‘ಫಂಕ್ಷನ್ ಪಾಯಿಂಟ್’ ಪದ್ಧತಿಯನ್ನು ಐಬಿಎಂನ ಅಲನ್ ಆಲ್ಬ್ರೆಕ್ಟ್ 1979ರಲ್ಲಿ ಮಂಡಿಸಿದರು. ಪರಿಹರಿಸಿದ ದೋಷಗಳ ಎಣಿಕೆಯೂ ಬಳಕೆಯಲ್ಲಿದೆ. ಆದರೆ ಬಹುಮಾನವು ಎಣಿಕೆಗೇ ದೊರೆಯುವಾಗ ಸುಲಭದ ದೋಷಗಳನ್ನು ಆರಿಸಿಕೊಂಡು ಕಠಿಣವಾದವನ್ನು ಬದಿಗಿಡುವುದು ಸಹಜ. ಕಿರಿಯರಿಗೆ ಕಲಿಸಲು ಅರ್ಧ ದಿನ ಕಳೆದ ಹಿರಿಯನ ಹೆಸರಿನ ಮುಂದೆ ಮಾತ್ರ ಏನೂ ದಾಖಲಾಗುವುದಿಲ್ಲ.

ಗಂಟೆಗಳ ಲೆಕ್ಕ

ಭಾರತದ ಸೇವಾ ಕಂಪನಿಗಳಲ್ಲಿ, ದುಡಿದ ಗಂಟೆಗಳ ಆಧಾರದಲ್ಲಿ ಗ್ರಾಹಕರಿಗೆ ಬಿಲ್ ಮಾಡುವ ರೂಢಿ ಬಹಳ ಕಾಲದಿಂದಿದೆ. ಈ ಏರ್ಪಾಟಿನಲ್ಲಿ ಬೇಗ ಮುಗಿಸುವವನು ಬಿಲ್ಲನ್ನು ತಗ್ಗಿಸುತ್ತಾನೆ. 2023ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್ ಸಂಸ್ಥಾಪಕರಲ್ಲೊಬ್ಬರಾದ ಎನ್. ಆರ್. ನಾರಾಯಣಮೂರ್ತಿಯವರು, ದೇಶದ ಉತ್ಪಾದಕತೆ ಹೆಚ್ಚಲು ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಹೇಳಿದ್ದು ವ್ಯಾಪಕ ಚರ್ಚೆಗೆ ಕಾರಣವಾಯಿತು. ಗಂಟೆಯನ್ನೂ ಫಲವನ್ನೂ ಒಂದೇ ಎಂದು ಭಾವಿಸುವುದರ ವಿರುದ್ಧ ಫ್ರೆಡ್ ಬ್ರೂಕ್ಸ್ 1975ರಷ್ಟು ಹಿಂದೆಯೇ ಬರೆದಿದ್ದರು: ತಡವಾಗಿರುವ ಯೋಜನೆಗೆ ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ.

2021ರಲ್ಲಿ ನಿಕೋಲ್ ಫೋರ್ಸ್‌ಗ್ರೆನ್ ಮತ್ತು ಸಂಗಡಿಗರು ಪ್ರಕಟಿಸಿದ ‘ಸ್ಪೇಸ್’ ಚೌಕಟ್ಟು ಕೆಲಸಗಾರರ ತೃಪ್ತಿ, ಪರಸ್ಪರ ಸಹಕಾರ ಮೊದಲಾದ ಐದು ಆಯಾಮಗಳನ್ನು ಒಟ್ಟಿಗೆ ನೋಡಬೇಕೆನ್ನುತ್ತದೆ. ಒಂದೇ ಸಂಖ್ಯೆಯಿಂದ ವ್ಯಕ್ತಿಯನ್ನು ತೂಗುವುದನ್ನು ಅದು ಒಪ್ಪುವುದಿಲ್ಲ.