ಗಿಲ್-ಗಲಾಡ್‌ನ ಅಪ್ಪ ಯಾರು?

'ಲಾರ್ಡ್ ಆಫ್ ದಿ ರಿಂಗ್ಸ್' ಬರೆದ ಟೋಲ್ಕಿನ್ ತೀರಿಕೊಂಡದ್ದು 1973ರಲ್ಲಿ. ಅವರು ಬಿಟ್ಟುಹೋದ ರಾಶಿ ಹಸ್ತಪ್ರತಿಗಳನ್ನು ಮಗ ಕ್ರಿಸ್ಟೋಫರ್ ಹೊಂದಿಸಿ, 1977ರಲ್ಲಿ 'ದಿ ಸಿಲ್ಮರಿಲಿಯನ್' ತಂದ್ರು. ಅದರಲ್ಲಿ ಎಲ್ಫ್ ರಾಜ ಗಿಲ್-ಗಲಾಡ್, ಫಿಂಗೋನ್‌ನ ಮಗ. ಟೋಲ್ಕಿನ್ ಅವರ ಕೊನೆಯ ಟಿಪ್ಪಣಿಯಲ್ಲಿ ಮಾತ್ರ ಒರೊಡ್ರೆತ್‌ನ ಮಗ! ಯಾರ ಮಗ ಅಂತ ಹೇಳದೇ ಬಿಟ್ಟಿದ್ರೆ ಚೆನ್ನಾಗಿತ್ತು ಅಂತ 1996ರಲ್ಲಿ ಕ್ರಿಸ್ಟೋಫರ್ ಅವರೇ ಬರೆದ್ರು.

ಹಾಗಾದ್ರೆ ಕೊನೆಗೆ ಬರೆದದ್ದೇ ಅಧಿಕೃತನಾ? ಹೌದು ಅನ್ನೋರಿದ್ದಾರೆ. ನಾನು ಒಪ್ಪಲ್ಲ. ನೋಡಿ, ಎರಡು ಮರಗಳ ಕೊನೆಯ ಹೂವು ಚಂದ್ರನಾಗಿ, ಹಣ್ಣು ಸೂರ್ಯನಾದ ಕಥೆ ಇದೆಯಲ್ಲ, ಟೋಲ್ಕಿನ್ ಆಮೇಲೆ ಅದನ್ನೂ ಕೈಬಿಡೋಕೆ ಹೊರಟಿದ್ರು. ಸೂರ್ಯ ಮೊದಲಿಂದಲೂ ಇದ್ದ ಅನ್ನೋ ಹೊಸ ಕರಡು ಬರೆದ್ರು, ಮುಗಿಸಲಿಲ್ಲ. ಗಿಲ್-ಗಲಾಡ್‌ಗೆ ಬೇರೆ ಅಪ್ಪ ಬಂದ್ರೆ ನನಗೇನೂ ತೊಂದರೆಯಿಲ್ಲ. ಆ ಹಣ್ಣನ್ನ ಮಾತ್ರ ಬಿಟ್ಟುಕೊಡಲ್ಲ.